ಔಷಧಿ ಚೀಟಿ ಯಾರು ಬರೆಯಬೇಕು? ಮಹಾರಾಷ್ಟ್ರದ ಹೋಮಿಯೋಪತಿ ವಿವಾದದ ಒಳಹೊರಗು

2025ರ ಜೂನ್ 30ರಂದು ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತು ಒಂದು ಅಧಿಸೂಚನೆ ಹೊರಡಿಸಿತು. ಆಧುನಿಕ ಔಷಧಶಾಸ್ತ್ರದಲ್ಲಿ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದ ಹೋಮಿಯೋಪತಿ ವೈದ್ಯರು ಅಲೋಪತಿ ಔಷಧಿಗಳನ್ನೂ ಬರೆದುಕೊಡಬಹುದು ಎಂಬುದು ಅದರ ತಿರುಳು. ಜುಲೈ ಎರಡನೆಯ ವಾರದಲ್ಲಿ ಅದಕ್ಕೆ ತಡೆ ಬಿತ್ತು. ಹೋಮಿಯೋಪತಿ ವೈದ್ಯರು ಮುಂಬಯಿಯ ಆಜಾದ್ ಮೈದಾನದಲ್ಲಿ ಪ್ರತಿಭಟನೆಗೆ ಇಳಿದರು, ಸರ್ಕಾರ ಸಮಿತಿ ರಚಿಸಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ, ಕೋರ್ಸ್ ಮುಗಿಸಿದ ಹೋಮಿಯೋಪತಿ ವೈದ್ಯರನ್ನು ಪ್ರತ್ಯೇಕ ಪಟ್ಟಿಯಲ್ಲಿ ನೋಂದಾಯಿಸಿಕೊಳ್ಳಿ ಎಂದು ಸರ್ಕಾರವೇ ಪರಿಷತ್ತಿಗೆ ಸೂಚಿಸಿತು. ಸೆಪ್ಟೆಂಬರ್ 18ರಂದು ಅಲೋಪತಿ ವೈದ್ಯರು ರಾಜ್ಯದಾದ್ಯಂತ 24 ಗಂಟೆ ಕೆಲಸ ನಿಲ್ಲಿಸಿದರು.

ಮೂರು ತಿಂಗಳೊಳಗೆ ಹೌದು, ಬೇಡ, ಹೌದು ಎಂಬ ಮೂರು ಮಾತು. ಓದಿದವರಿಗೆ ತಲೆಬುಡ ತಿಳಿಯದಿದ್ದರೆ ತಪ್ಪು ಅವರದಲ್ಲ.

ಮುಂಬಯಿ, ಪುಣೆಯ ಕನ್ನಡಿಗರಿಗೆ ಇದು ದೂರದ ಸುದ್ದಿಯೂ ಅಲ್ಲ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಹಿಂಜವಡಿ, ವಾಕಡ್, ಪಿಂಪ್ರಿ-ಚಿಂಚ್‌ವಡದ ತಗಡಿನ ಮನೆಗಳಲ್ಲಿವೆ. ಧಾರಾವಿಯ ಗಲ್ಲಿಗಳಲ್ಲಿ ತಲೆಮಾರುಗಳಿಂದ ಕನ್ನಡ ಕೇಳಿಸುತ್ತಿದೆ. ಮಗುವಿಗೆ ಜ್ವರ ಬಂದ ರಾತ್ರಿ ಇವರು ಮೊದಲು ಹೋಗುವುದು ದೊಡ್ಡ ಆಸ್ಪತ್ರೆಗಲ್ಲ, ಓಣಿಯ ತುದಿಯ ದವಾಖಾನೆಗೆ. ಆ ವೈದ್ಯರ ಪದವಿ ಎಷ್ಟೋ ಕಡೆ ಬಿ.ಎಚ್.ಎಂ.ಎಸ್. ಅಥವಾ ಬಿ.ಎ.ಎಂ.ಎಸ್. ಹೋಮಿಯೋಪತಿ ಅಥವಾ ಆಯುರ್ವೇದ ಓದಿದವರು ಬರೆದುಕೊಡುವುದು ಮಾತ್ರ ಆಂಟಿಬಯೋಟಿಕ್ ಗುಳಿಗೆ, ಚುಚ್ಚುವುದು ಅಲೋಪತಿ ಸೂಜಿ. ಹೊಸ ಆದೇಶ ಈ ಪದ್ಧತಿಯನ್ನು ಹುಟ್ಟುಹಾಕಿದ್ದಲ್ಲ. ಮೊದಲಿನಿಂದ ನಡೆದುಬಂದದ್ದಕ್ಕೆ ಕಾನೂನಿನ ಅಂಗಿ ತೊಡಿಸಲು ಹೊರಟಿದೆ. ಆ ಅಂಗಿ ಯಾರ ಅಳತೆಗೆ ಹೊಲಿದದ್ದು ಎಂಬುದನ್ನು ನೋಡಬೇಕು.

2014ರ ಕಾನೂನು

ಗೊಂದಲದ ಬೇರು ಎರಡು ತೀರ್ಪುಗಳಲ್ಲಿದೆ. ಮೊದಲನೆಯದು ಮುಂಬಯಿಯದೇ ಪ್ರಕರಣ. ಹೋಮಿಯೋಪತಿ ವೈದ್ಯರೊಬ್ಬರು ಜ್ವರದ ರೋಗಿಗೆ ಅಲೋಪತಿ ಔಷಧಿ ಕೊಟ್ಟಿದ್ದರು, 1992ರಲ್ಲಿ ಆ ರೋಗಿ ತೀರಿಕೊಂಡರು. ಒಂದು ಪದ್ಧತಿಯನ್ನು ಕಲಿಯದೆ ಅದರಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಕಿಲ್ಲ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಔಷಧಿ ಸರಿಯಾಗಿತ್ತೇ, ಪ್ರಮಾಣ ಸರಿಯಾಗಿತ್ತೇ ಎಂಬ ವಿಚಾರಣೆಗಿಂತ ಮೊದಲೇ ವೈದ್ಯರು ತಪ್ಪಿತಸ್ಥರಾಗುತ್ತಾರೆ.

ಎರಡನೆಯದು 1998ರ ಮುಖ್ತಿಯಾರ್ ಚಂದ್ ಪ್ರಕರಣ. ಭಾರತೀಯ ಪದ್ಧತಿಗಳ ವೈದ್ಯರು ಅಲೋಪತಿ ಔಷಧಿ ಬರೆಯಬಹುದೇ ಎಂಬ ಪ್ರಶ್ನೆಗೆ ನ್ಯಾಯಾಲಯ ಕೊಟ್ಟ ಉತ್ತರದ ಸಾರ ಇಷ್ಟು: ಆ ರಾಜ್ಯದ ವೈದ್ಯಕೀಯ ಕಾನೂನು ಅದಕ್ಕೆ ಹಕ್ಕು ಕೊಟ್ಟಿದ್ದರೆ ಬರೆಯಬಹುದು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಚೆಂಡು ರಾಜ್ಯಗಳ ಅಂಗಳಕ್ಕೆ ಬಂತು. ಒಂದು ರಾಜ್ಯದಲ್ಲಿ ಸಕ್ರಮವಾದ ಔಷಧಿ ಚೀಟಿ ಪಕ್ಕದ ರಾಜ್ಯದಲ್ಲಿ ಅಕ್ರಮವಾಗಬಹುದಾದದ್ದು ಇದರಿಂದಲೇ.

ಮಹಾರಾಷ್ಟ್ರ ಆಯುರ್ವೇದ ಮತ್ತು ಯುನಾನಿ ಪದವೀಧರರಿಗೆ, ಅವರು ತರಬೇತಿ ಪಡೆದ ಮಟ್ಟಿಗೆ, ಅಲೋಪತಿ ಬಳಸುವ ಅವಕಾಶವನ್ನು 1990ರ ದಶಕದಲ್ಲೇ ಕೊಟ್ಟಿತ್ತು. ಹೋಮಿಯೋಪತಿಯವರು ಹೊರಗುಳಿದಿದ್ದರು. 2014ರಲ್ಲಿ ರಾಜ್ಯ ತನ್ನ ಹೋಮಿಯೋಪತಿ ಕಾನೂನನ್ನೂ 1965ರ ವೈದ್ಯಕೀಯ ಪರಿಷತ್ತಿನ ಕಾನೂನನ್ನೂ ತಿದ್ದಿ ಅವರಿಗೂ ಬಾಗಿಲು ತೆರೆಯಿತು. ನಾಸಿಕ್‌ನ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ಒಂದು ವರ್ಷದ ಕೋರ್ಸ್ ಶುರುಮಾಡಿತು. ಭಾರತೀಯ ವೈದ್ಯಕೀಯ ಸಂಘ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು. 2025ರ ಮುಷ್ಕರದ ಹೊತ್ತಿಗೂ ಅಂತಿಮ ತೀರ್ಪು ಬಂದಿರಲಿಲ್ಲ. ಅಷ್ಟರೊಳಗೆ ಸುಮಾರು ಹತ್ತು ಸಾವಿರ ಮಂದಿ ಕೋರ್ಸ್ ಮುಗಿಸಿಬಿಟ್ಟಿದ್ದರು. ಹಣ ಕಟ್ಟಿ, ಪರೀಕ್ಷೆ ಬರೆದು, ಸರ್ಟಿಫಿಕೇಟ್ ಪಡೆದವರಿಗೆ ಅದನ್ನು ಬಳಸುವ ನೋಂದಣಿ ಮಾತ್ರ ಸಿಗಲಿಲ್ಲ. ಅವರ ಸಿಟ್ಟಿಗೆ ಕಾರಣ ಇಲ್ಲದಿಲ್ಲ.

ಎರಡು ಕಡೆಯ ವಾದ

ಹೋಮಿಯೋಪತಿ ವೈದ್ಯರು ಹೇಳುವುದು ಇದು: ನಾವೂ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಓದಿದ್ದೇವೆ. ಅಂಗರಚನೆ, ಶರೀರಕ್ರಿಯೆ, ರೋಗಲಕ್ಷಣ ಶಾಸ್ತ್ರ ನಮ್ಮ ಪಠ್ಯದಲ್ಲೂ ಇದೆ. ಕೊರತೆಯಿದ್ದದ್ದು ಅಲೋಪತಿ ಔಷಧಿಗಳ ಜ್ಞಾನ, ಅದನ್ನು ಸರ್ಕಾರದ್ದೇ ವಿಶ್ವವಿದ್ಯಾಲಯ ಕಲಿಸಿದೆ. ಎಂ.ಬಿ.ಬಿ.ಎಸ್. ವೈದ್ಯರು ಕಾಲಿಡದ ಜಾಗಗಳಲ್ಲಿ ನಾವಿದ್ದೇವೆ.

ಅಲೋಪತಿ ವೈದ್ಯರ ಉತ್ತರ: ಔಷಧಿಯ ಹೆಸರು ಮತ್ತು ಪ್ರಮಾಣ ತಿಳಿದರೆ ಸಾಲದು. ಯಾವ ಜ್ವರ ಡೆಂಗಿ, ಯಾವುದು ಟೈಫಾಯ್ಡ್, ಯಾವ ಎದೆನೋವು ಆಮ್ಲಪಿತ್ತ, ಯಾವುದು ಹೃದಯಾಘಾತ ಎಂದು ಗುರುತಿಸುವುದನ್ನು ವಾರ್ಡಿನಲ್ಲಿ ವರ್ಷಗಟ್ಟಲೆ ರೋಗಿಗಳ ನಡುವೆ ನಿಂತು ಕಲಿಯಬೇಕು. ಹೋಮಿಯೋಪತಿಯ ರೋಗ ವಿಚಾರವೇ ಬೇರೆ, ಅದರ ಮೇಲೆ ಅಲೋಪತಿ ಔಷಧಿಶಾಸ್ತ್ರದ ಒಂದು ವರ್ಷ ಕೂರುವುದಿಲ್ಲ. ಈ ಕಲಬೆರಕೆಗೆ ಅವರು ‘ಮಿಕ್ಸೋಪತಿ’ ಎಂದು ಹೆಸರಿಟ್ಟಿದ್ದಾರೆ.

ಔಷಧಿಯ ವಿಚಾರದಲ್ಲಿ ಅಲೋಪತಿ ವೈದ್ಯರ ವಾದವೇ ಗಟ್ಟಿ. ಸ್ಟಿರಾಯ್ಡ್, ಆಂಟಿಬಯೋಟಿಕ್, ರಕ್ತ ತೆಳುವಾಗಿಸುವ ಗುಳಿಗೆಗಳು ಅರೆಬರೆ ತಿಳಿದವರ ಕೈಯಲ್ಲಿ ವಿಷವಾಗುತ್ತವೆ. ರೋಗವನ್ನು ಗುರುತಿಸುವುದು ಚಿಕಿತ್ಸೆಯ ಕಷ್ಟದ ಭಾಗ, ಬರೆಯುವುದು ಸುಲಭದ ಭಾಗ. ಕೋರ್ಸಿನ ಹೆಸರಲ್ಲೇ ಇರುವುದು ಸುಲಭದ ಭಾಗ. ಆದರೆ ಇಲ್ಲಿಗೇ ವಿಷಯ ಮುಗಿಸಿದರೆ ಆದಿವಾಸಿ ಪ್ರದೇಶಗಳಾದ ಮೇಳಘಾಟದ, ಗಡ್ಚಿರೋಲಿಯ, ನಂದುರಬಾರದ ರೋಗಿ ಎಲ್ಲಿದ್ದನೋ ಅಲ್ಲೇ ಉಳಿಯುತ್ತಾನೆ. ಮುಷ್ಕರ ಮಾಡಿದವರ ಬಳಿ ಆ ರೋಗಿಗೆ ಕೊಡಲು ಉತ್ತರವಿರಲಿಲ್ಲ.

ಇದು ಪಾರಂಪರಿಕ ವೈದ್ಯವೇ?

ಸುದ್ದಿಗಳು ಈ ಜಗಳವನ್ನು ‘ಪಾರಂಪರಿಕ ವೈದ್ಯ ಮತ್ತು ಆಧುನಿಕ ವೈದ್ಯ’ ಎಂಬ ಚೌಕಟ್ಟಿನಲ್ಲಿ ಇಡುತ್ತವೆ. ಆ ಚೌಕಟ್ಟು ತಪ್ಪು. ಹೋಮಿಯೋಪತಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ಹುಟ್ಟಿ ಆಮೇಲೆ ನಮ್ಮಲ್ಲಿಗೆ ಬಂದದ್ದು. ಅಜ್ಜಿಯ ಕಷಾಯಕ್ಕೂ ಅದಕ್ಕೂ ನಂಟಿಲ್ಲ. ಆಯುಷ್ ಎಂಬ ಒಂದೇ ಸರ್ಕಾರಿ ಸೂರಿನಡಿ ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪತಿ ಎಲ್ಲವೂ ಇರುವುದರಿಂದ ಎಲ್ಲವೂ ಒಂದೇ ಎನಿಸುತ್ತದೆ.

ನಿಜವಾದ ನಾಟಿ ವೈದ್ಯರು ಈ ಚರ್ಚೆಯಲ್ಲಿ ಎಲ್ಲಿಯೂ ಇಲ್ಲ. ಮೂಳೆ ಕೂರಿಸುವವರು, ಸೂಲಗಿತ್ತಿಯರು, ಮೇಳಘಾಟದ ಕೊರ್ಕು ಜನರು ಮೊದಲು ಹುಡುಕಿಕೊಂಡು ಹೋಗುವ ಭೂಮ್ಕಾಗಳು ಯಾವ ಪರಿಷತ್ತಿನ ಪಟ್ಟಿಯಲ್ಲೂ ಸಿಗುವುದಿಲ್ಲ. ಅಲ್ಲಿ ಕೂಸಿನ ಹೊಟ್ಟೆ ಉಬ್ಬಿದರೆ ಕಾದ ಕಬ್ಬಿಣದಿಂದ ಬರೆ ಎಳೆಯುವ ರೂಢಿ ಇದೆ. ಅದು ಕೂಸಿಗೆ ಆಗುವ ಅನ್ಯಾಯ, ನಿಲ್ಲಬೇಕು. ಆದರೆ ಕೊರ್ಕು ತಾಯಿ ಭೂಮ್ಕಾನ ಬಳಿಗೆ ಹೋಗುವುದು ಅಜ್ಞಾನದಿಂದ ಮಾತ್ರ ಎಂದುಕೊಂಡರೆ ಅರ್ಧವೇ ಅರ್ಥವಾದಂತೆ. ಅವನು ಅವಳ ಭಾಷೆ ಮಾತನಾಡುತ್ತಾನೆ, ನಡುರಾತ್ರಿಯೂ ಸಿಗುತ್ತಾನೆ, ಗದರುವುದಿಲ್ಲ. ಈ ಕಾರಣಕ್ಕೇ, ಭೂಮ್ಕಾಗಳನ್ನು ಎದುರು ಹಾಕಿಕೊಳ್ಳದೆ, ರೋಗಿಯನ್ನು ಆಸ್ಪತ್ರೆಗೆ ಕಳುಹಿಸುವ ಕೊಂಡಿಯಾಗಿ ಅವರನ್ನು ಬಳಸಿಕೊಳ್ಳುವ ಪ್ರಯತ್ನ ಅಲ್ಲಿ ನಡೆದಿದೆ. ಪುಣೆಯ ಕಟ್ಟಡದ ಕೂಲಿಯೂ ಇದೇ ಮೂರು ಕಾರಣಕ್ಕೆ ಓಣಿಯ ದವಾಖಾನೆಗೆ ಹೋಗುತ್ತಾನೆ: ಹತ್ತಿರವಿದೆ, ಕೆಲಸ ಮುಗಿದ ಮೇಲೂ ತೆರೆದಿರುತ್ತದೆ, ಡಾಕ್ಟರು ಮಾತನಾಡಿಸುತ್ತಾರೆ. ‘ಅವರ ಕೈಗುಣ ಒಳ್ಳೆಯದು’ ಎಂಬ ಮಾತಿನಲ್ಲಿ ಈ ಮೂರೂ ಅಡಗಿವೆ.

ಹಳ್ಳಿಯ ಹೆಸರಿನಲ್ಲಿ

ಈಗ ಅಸಲು ಪ್ರಶ್ನೆಗೆ ಬರೋಣ. ಗ್ರಾಮೀಣ ಭಾಗದಲ್ಲಿ ವೈದ್ಯರಿಲ್ಲ, ಅದಕ್ಕೇ ಈ ಅವಕಾಶ ಎಂಬುದು ಇಡೀ ಯೋಜನೆಯ ಸಮರ್ಥನೆ. ಕೊರತೆ ಇರುವುದು ನಿಜ. ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಆದಿವಾಸಿ ಭಾಗದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಎಂಬುದು ದೇಶದ ನಿಯಮ. ಕಟ್ಟಡ ಇದ್ದಲ್ಲಿ ವೈದ್ಯರಿಲ್ಲ, ವೈದ್ಯರು ಇದ್ದಲ್ಲಿ ಅವರು ಊರಲ್ಲಿ ವಾಸವಿಲ್ಲ.

ಆದರೆ 2014ರ ತಿದ್ದುಪಡಿ ನೋಂದಣಿಯನ್ನು ಹಳ್ಳಿಗೆ ಕಟ್ಟಿಹಾಕಿಲ್ಲ. ಕೋರ್ಸ್ ಮುಗಿಸಿದವರು ನಂದುರಬಾರದ ಗುಡ್ಡಗಾಡಿನ ಧಡಗಾಂವ್‌ನಲ್ಲೂ ಅಲೋಪತಿ ಬರೆಯಬಹುದು, ಮುಂಬಯಿಯ ದಾದರ್‌ನಲ್ಲೂ ಬರೆಯಬಹುದು. ಇಬ್ಬರಿಗೂ ಒಂದೇ ಹಕ್ಕು. ಎಂ.ಬಿ.ಬಿ.ಎಸ್. ವೈದ್ಯರು ಹಳ್ಳಿಗೆ ಹೋಗದಿರುವುದಕ್ಕೆ ಮಕ್ಕಳ ಶಾಲೆ, ಹೆಂಡತಿ ಅಥವಾ ಗಂಡನ ಕೆಲಸ, ಮನೆ, ಸಂಪಾದನೆ, ಒಂಟಿತನ, ರಾತ್ರಿ ರೋಗಿ ಸತ್ತರೆ ಜನ ಏರಿಬರುವ ಭಯ ಕಾರಣ. ಇವೆಲ್ಲ ಹೋಮಿಯೋಪತಿ ವೈದ್ಯರಿಗೂ ಅಷ್ಟೇ ಅನ್ವಯಿಸುತ್ತವೆ. ಬೆಲ್ಲವಿದ್ದಲ್ಲಿಗೆ ಇರುವೆ ಹೋಗುತ್ತದೆ, ಅದರ ಪದವಿ ಯಾವುದಾದರೇನು? ಚೀಟಿ ಬರೆಯುವ ಹಕ್ಕು ಸಿಕ್ಕ ಮಾತ್ರಕ್ಕೆ ಯಾರೂ ಮೂಟೆ ಕಟ್ಟಿಕೊಂಡು ಸಾತ್ಪುಡಾ ಬೆಟ್ಟ ಹತ್ತುವುದಿಲ್ಲ.

ಹಾಗಾದರೆ ಈ ಹಕ್ಕಿನಿಂದ ನಿಜವಾಗಿ ಬದಲಾಗುವುದು ನಗರ. ಮುಂಬಯಿ, ಠಾಣೆ, ಪುಣೆಯ ಸಣ್ಣ ಖಾಸಗಿ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯಲ್ಲಿ ಆಯುಷ್ ಪದವೀಧರರು ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಂ.ಬಿ.ಬಿ.ಎಸ್. ವೈದ್ಯರಿಗಿಂತ ಕಡಿಮೆ ಸಂಬಳಕ್ಕೆ ಅವರು ಸಿಗುತ್ತಾರೆ. ಮುಷ್ಕರಕ್ಕೆ ಇಳಿದ ಸಂಘದಲ್ಲಿ ಇಂಥ ಆಸ್ಪತ್ರೆಗಳನ್ನು ನಡೆಸುವವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಹಗಲು ಬೀದಿಯಲ್ಲಿ ಬೇಡವೆನ್ನುವುದು, ರಾತ್ರಿ ಅವರ ಕೈಗೇ ವಾರ್ಡು ಒಪ್ಪಿಸುವುದು, ಎರಡೂ ಒಟ್ಟಿಗೆ ನ್ಯಾಯವಾಗಲಾರದು.

ಸರ್ಕಾರದ ಲೆಕ್ಕವೂ ಇದೇ ರೀತಿ ಎರಡು ಮುಖದ್ದು. 2022ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 834 ಜನರಿಗೆ ಒಬ್ಬ ವೈದ್ಯರಿದ್ದಾರೆ ಎಂದಿತು. 13 ಲಕ್ಷ ನೋಂದಾಯಿತ ಅಲೋಪತಿ ವೈದ್ಯರಲ್ಲಿ ನೂರಕ್ಕೆ 80 ಮಂದಿ ಸೇವೆಯಲ್ಲಿದ್ದಾರೆ ಎಂದು ಹಿಡಿದು, ಅದಕ್ಕೆ 5.65 ಲಕ್ಷ ಆಯುಷ್ ವೈದ್ಯರನ್ನು ಕೂಡಿಸಿ ಬಂದ ಅಂಕಿ ಅದು. ಸಾವಿರಕ್ಕೊಬ್ಬ ಎಂಬ ಗುರಿ ದಾಟಿದೆವು ಎನ್ನಲು ಆಯುಷ್ ವೈದ್ಯರು ಬೇಕು. ಆದರೆ ಅವರು ಏನು ಮಾಡಬಹುದು, ಏನು ಮಾಡಬಾರದು ಎಂದು ದೇಶಕ್ಕೆಲ್ಲ ಒಂದೇ ಸ್ಪಷ್ಟ ನಿಯಮ ಬರೆಯುವ ಹೊಣೆ ಮಾತ್ರ ಯಾರದೂ ಅಲ್ಲ. 2017ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆಯಲ್ಲಿ ಆಯುಷ್ ವೈದ್ಯರಿಗೆ ಅಲೋಪತಿ ಬರೆಯಲು ಅವಕಾಶ ಕೊಡುವ ಸೇತು (ಬ್ರಿಜ್) ಕೋರ್ಸಿನ ಪ್ರಸ್ತಾಪವಿತ್ತು. ವಿರೋಧದ ನಂತರ 2018ರಲ್ಲಿ ಅದನ್ನು ಕೈಬಿಟ್ಟರು.

ಧಾರಾವಿ ಹೇಳುವ ಪಾಠ

ಪದವಿ ಸರಿಯಿದ್ದರೆ ರೋಗಿ ಸುರಕ್ಷಿತ ಎಂಬ ನಂಬಿಕೆಗೂ ಮುಂಬಯಿಯಲ್ಲೇ ಉತ್ತರವಿದೆ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನ ಧಾರಾವಿಯ ನೂರಕ್ಕೂ ಸ್ವಲ್ಪ ಹೆಚ್ಚು ಖಾಸಗಿ ವೈದ್ಯರನ್ನು ಕ್ಷಯರೋಗಕ್ಕೆ ಏನು ಬರೆಯುತ್ತೀರಿ ಎಂದು ಕೇಳಿತು. ಎಂಬತ್ತು ಬಗೆಯ ಔಷಧಿ ಕ್ರಮಗಳು ಹೊರಬಂದವು. ಸುಮಾರು ಇಪ್ಪತ್ತು ವರ್ಷಗಳ ನಂತರ, 2010ರಲ್ಲಿ, ಅಲ್ಲೇ 106 ವೈದ್ಯರನ್ನು ಮತ್ತೆ ಕೇಳಿದಾಗ 63 ಬಗೆಯ ಕ್ರಮಗಳು ಸಿಕ್ಕವು, ಸರಿಯಾಗಿ ಬರೆದವರು ಆರೇ ಮಂದಿ. ಕ್ಷಯಕ್ಕೆ ಅರೆಬರೆ ಔಷಧಿ ಕೊಟ್ಟರೆ ದುರ್ಬಲ ರೋಗಾಣು ಸಾಯುತ್ತದೆ, ಬಲವಾದದ್ದು ಉಳಿದು ಬೆಳೆಯುತ್ತದೆ. ಮುಂದೆ ಅದೇ ಔಷಧಿ ಯಾರಿಗೂ ನಾಟುವುದಿಲ್ಲ. ಮುಂಬಯಿ ಇಂದು ಔಷಧಿಗೆ ಬಗ್ಗದ ಕ್ಷಯದ ದೊಡ್ಡ ಕೇಂದ್ರವಾಗಿರುವುದರ ಹಿಂದೆ ಇಂಥ ಚೀಟಿಗಳೂ ಇವೆ.

2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ತರಬೇತಿ ಪಡೆದ ವ್ಯಕ್ತಿಗಳನ್ನು ರೋಗಿಗಳ ವೇಷದಲ್ಲಿ ಮುಂಬಯಿ ಮತ್ತು ಪಾಟ್ನಾದ ಖಾಸಗಿ ವೈದ್ಯರ ಬಳಿಗೆ ಕಳುಹಿಸಲಾಯಿತು. ಕ್ಷಯದ ಲಕ್ಷಣ ಹೇಳಿದಾಗ ಸರಿಯಾದ ಕ್ರಮ ಕೈಗೊಂಡದ್ದು ಸುಮಾರು ಮೂರರಲ್ಲಿ ಒಂದು ಭೇಟಿಯಲ್ಲಿ ಮಾತ್ರ. ಎಂ.ಬಿ.ಬಿ.ಎಸ್. ಓದಿದವರು ಉಳಿದವರಿಗಿಂತ ಮೇಲು, ಆದರೆ ತೃಪ್ತಿಪಡುವಷ್ಟು ಮೇಲಲ್ಲ. ಅಂದರೆ ಪದವಿಯಿಂದ ವ್ಯತ್ಯಾಸವಾಗುತ್ತದೆ, ಪದವಿಯೊಂದರಿಂದಲೇ ರಕ್ಷಣೆ ಸಿಗುವುದಿಲ್ಲ. ಖಾಸಗಿ ದವಾಖಾನೆಯ ಚೀಟಿಯನ್ನು ಎರಡನೆಯ ಜೋಡಿ ಕಣ್ಣು ನೋಡುವುದೇ ಇಲ್ಲ. ಹಾಗೆ ಯಾರೂ ನೋಡದ ಚೀಟಿಗಳ ಸಾಲಿಗೆ ಈಗ ಇನ್ನೂ ಹತ್ತು ಸಾವಿರ ಕೈಗಳ ಚೀಟಿಗಳು ಸೇರುತ್ತವೆ.

ಗಡ್ಚಿರೋಲಿಯಲ್ಲಿ ಫಲ ಕೊಟ್ಟದ್ದು

ಹಾಗಾದರೆ ಅಲೋಪತಿ ಔಷಧಿ ಎಂ.ಬಿ.ಬಿ.ಎಸ್. ಅಲ್ಲದವರ ಕೈಗೆ ಸೇರಲೇಬಾರದೇ? ಸೇರಬಹುದು. ಇದೇ ಮಹಾರಾಷ್ಟ್ರ ಅದನ್ನು ಜಗತ್ತಿಗೆ ತೋರಿಸಿದೆ.

ಗಡ್ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಕಟ್ಟಿದ ‘ಸರ್ಚ್’ ಸಂಸ್ಥೆ 1990ರ ದಶಕದಲ್ಲಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟಿತು. ಅವರು ಮನೆಮನೆಗೆ ಹೋಗಿ ನವಜಾತ ಕೂಸನ್ನು ತೂಗುತ್ತಿದ್ದರು, ಉಸಿರು ಎಣಿಸುತ್ತಿದ್ದರು, ಬೆಚ್ಚಗಿಡುವುದನ್ನು ತಾಯಿಗೆ ತೋರಿಸುತ್ತಿದ್ದರು. ನಂಜಿನ ಲಕ್ಷಣ ಪಟ್ಟಿಯ ಪ್ರಕಾರ ಕಂಡುಬಂದು, ಮನೆಯವರು ಆಸ್ಪತ್ರೆಗೆ ಹೋಗಲು ಒಪ್ಪದಿದ್ದರೆ, ಆಂಟಿಬಯೋಟಿಕ್ ಇಂಜೆಕ್ಷನ್ ಕೂಡ ಕೊಡುತ್ತಿದ್ದರು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರನೆಯ ವರ್ಷದ ಹೊತ್ತಿಗೆ, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಇಲ್ಲಿ ನವಜಾತ ಶಿಶುಗಳ ಸಾವು ನೂರಕ್ಕೆ 62ರಷ್ಟು ಇಳಿದಿತ್ತು. ಆಶಾ ಕಾರ್ಯಕರ್ತೆಯರು ಇಂದು ಬಾಣಂತಿಯ ಮನೆಗೆ ಬಂದು ಕೂಸನ್ನು ನೋಡುವ ಪದ್ಧತಿಯ ಹಿಂದೆ ಈ ಕೆಲಸವಿದೆ.

ಆ ಹೆಂಗಸರಲ್ಲಿ ಹೆಚ್ಚಿನವರು ಕಾಲೇಜು ಕಂಡವರಲ್ಲ. ಆದರೂ ಅವರ ಕೈಯಲ್ಲಿ ಇಂಜೆಕ್ಷನ್ ಸುರಕ್ಷಿತವಾಗಿತ್ತು. ಅವರಿಗೆ ಕೊಟ್ಟದ್ದು ಎಣಿಸಿದಷ್ಟು ಔಷಧಿ, ಎಣಿಸಿದಷ್ಟು ರೋಗ, ಒಂದು ಊರು. ಪ್ರತಿ ಕೂಸಿನ ದಾಖಲೆ ಇತ್ತು, ಅದನ್ನು ಪರಿಶೀಲಿಸುವ ಮೇಲ್ವಿಚಾರಕರಿದ್ದರು, ಹಿಂದೆ ಒಂದು ಆಸ್ಪತ್ರೆ ಇತ್ತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾನೂನಿನ 32ನೆಯ ಸೆಕ್ಷನ್‌ನಲ್ಲಿ ‘ಸಮುದಾಯ ಆರೋಗ್ಯ ಸೇವಕ’ರ ಕಲ್ಪನೆ ಬಂದದ್ದೂ ಹೀಗೆಯೇ: ಪ್ರಾಥಮಿಕ ಮತ್ತು ರೋಗತಡೆ ಚಿಕಿತ್ಸೆಯಲ್ಲಿ ನಿಗದಿಪಡಿಸಿದ ಔಷಧಿಗಳನ್ನು ಮಾತ್ರ ಅವರು ಸ್ವತಂತ್ರವಾಗಿ ಬರೆಯಬಹುದು, ಉಳಿದದ್ದಕ್ಕೆ ಅಲೋಪತಿ ವೈದ್ಯರ ಮೇಲ್ವಿಚಾರಣೆ ಬೇಕು.

ಹೋಮಿಯೋಪತಿಯವರಿಗೆ ಈಗ ಕೊಡುತ್ತಿರುವ ಅವಕಾಶ ‘ತರಬೇತಿಯ ಮಟ್ಟಿಗೆ’ ಎಂಬ ಒಂದು ಸಡಿಲ ಮಾತಿನ ಮೇಲೆ ನಿಂತಿದೆ. ಆ ಮಟ್ಟ ಯಾವುದು ಎಂದು ದವಾಖಾನೆಯಲ್ಲಿ ನಿರ್ಧರಿಸುವವರು ಆ ವೈದ್ಯರೇ. ನನ್ನ ಆಕ್ಷೇಪ ಇರುವುದು ಇಲ್ಲಿ. ಐದೂವರೆ ವರ್ಷ ಓದಿದವರನ್ನು ಗಡ್ಚಿರೋಲಿಯ ಹೆಂಗಸರಿಗಿಂತ ಕಡಿಮೆ ಎಂದು ಯಾರೂ ಹೇಳಲಾರರು. ಇವರಿಗೂ ಔಷಧಿಗಳ ಪಟ್ಟಿ ಕೊಡಿ, ವೈದ್ಯರಿಲ್ಲದ ತಾಲ್ಲೂಕು ತೋರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದೊಂದಿಗೆ ಜೋಡಿಸಿ, ಬದುಕುವಷ್ಟು ಸಂಬಳ ಕೊಡಿ. ಮಹಾರಾಷ್ಟ್ರದ ಉಪಕೇಂದ್ರಗಳಲ್ಲಿ ಆರು ತಿಂಗಳ ತರಬೇತಿ ಪಡೆದ ಆಯುರ್ವೇದ ಪದವೀಧರರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಈಗಾಗಲೇ ಕೆಲಸ ಮಾಡುತ್ತಿದ್ದಾರೆ. ದಾರಿ ಹೊಸದೇನಲ್ಲ. ಅದಕ್ಕೆ ಪ್ರತಿ ವರ್ಷ ಬಜೆಟ್‌ನಲ್ಲಿ ಹಣ ತೆಗೆದಿಡಬೇಕು, ಆದೇಶ ಹೊರಡಿಸಲು ಹಣ ಬೇಕಾಗಿಲ್ಲ.

ಮುಂದೆ ಏನಾಗಬಹುದು

ಹೈಕೋರ್ಟ್ 2014ರ ತಿದ್ದುಪಡಿಯನ್ನು ಎತ್ತಿಹಿಡಿದರೆ ಬೇರೆ ರಾಜ್ಯಗಳ ಹೋಮಿಯೋಪತಿ ಸಂಘಗಳು ಅದನ್ನೇ ತೋರಿಸಿ ತಮಗೂ ಕೇಳುತ್ತವೆ. ರದ್ದುಮಾಡಿದರೆ ಹತ್ತು ಸಾವಿರ ಮಂದಿಯ ಸರ್ಟಿಫಿಕೇಟ್ ಕಾಗದವಾಗುತ್ತದೆ, ಅವರು ಬರೆಯುತ್ತಿದ್ದ ಅಲೋಪತಿ ನಿಲ್ಲುವುದಿಲ್ಲ, ಮರೆಗೆ ಸರಿಯುತ್ತದೆ. ತೀರ್ಪು ಬರುವವರೆಗೆ ಅನಿಶ್ಚಿತತೆಯ ಭಾರ ಮೆಡಿಕಲ್ ಅಂಗಡಿಯವರ ಮೇಲೂ ಇದೆ. ಆಂಟಿಬಯೋಟಿಕ್‌ನಂಥ ಔಷಧಿಗಳನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿ ಬರೆದವರ ಹಕ್ಕೇ ವಿವಾದದಲ್ಲಿದ್ದಾಗ ಮಾರಿದವರ ಸ್ಥಿತಿ ಏನು?

ಪ್ರತ್ಯೇಕ ಪಟ್ಟಿಯಿಂದ ಒಂದು ಒಳ್ಳೆಯದು ಆಗಬಹುದು. ಪಟ್ಟಿ ಎಲ್ಲರಿಗೂ ಕಾಣುವಂತಿದ್ದು, ದೂರು ಬಂದರೆ ವಿಚಾರಿಸುವ ಅಧಿಕಾರ ಪರಿಷತ್ತಿಗೆ ಸ್ಪಷ್ಟವಾಗಿದ್ದರೆ, ಇಷ್ಟು ದಿನ ಯಾರ ಕಣ್ಣಿಗೂ ಬೀಳದೆ ನಡೆದದ್ದು ಬೆಳಕಿಗೆ ಬರುತ್ತದೆ. ಹೋಮಿಯೋಪತಿ ಪರಿಷತ್ತು ಅಲೋಪತಿ ಔಷಧಿಯ ತಪ್ಪನ್ನು ವಿಚಾರಿಸುವುದು, ವೈದ್ಯಕೀಯ ಪರಿಷತ್ತು ‘ಅವರು ನಮ್ಮವರಲ್ಲ’ ಎನ್ನುವುದು, ಈ ನಡುವೆ ರೋಗಿಯ ಮನೆಯವರು ಅಲೆಯುವುದು ತಪ್ಪಬಹುದು.

ಗಡಿ ದಾಟುವವರ ತೊಂದರೆ ಮಾತ್ರ ಯಾವ ಪಟ್ಟಿಯಿಂದಲೂ ನೀಗುವುದಿಲ್ಲ. ಹಬ್ಬಕ್ಕೆ, ಬಿತ್ತನೆಗೆ, ಹೆರಿಗೆಗೆ ಊರಿಗೆ ಮರಳುವ ಕನ್ನಡದ ಕೂಲಿಗಳ ಚಿಕಿತ್ಸೆ ನಡುದಾರಿಯಲ್ಲಿ ತುಂಡಾಗುತ್ತದೆ. ಪುಣೆಯಲ್ಲಿ ಶುರುಮಾಡಿದ ಗುಳಿಗೆಯ ಹೆಸರು ಊರಿನ ವೈದ್ಯರಿಗೆ ಹೇಳಲು ಬರುವುದಿಲ್ಲ, ಸಣ್ಣ ದವಾಖಾನೆಗಳಲ್ಲಿ ಎಷ್ಟೋ ಸಲ ಗುಳಿಗೆಯನ್ನು ಬರಿಯ ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರೆ, ಚೀಟಿಯೇ ಇರುವುದಿಲ್ಲ. ಕ್ಷಯದಲ್ಲಿ ಇದು ಪ್ರಾಣಕ್ಕೇ ಕುತ್ತು. ಕ್ಷಯದ ಪ್ರತಿ ರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವುದು 2012ರಿಂದ ಖಾಸಗಿ ವೈದ್ಯರಿಗೂ ಕಡ್ಡಾಯ, ದಾಖಲಾಗುವುದು ‘ನಿಕ್ಷಯ್’ ಎಂಬ ರಾಷ್ಟ್ರೀಯ ವ್ಯವಸ್ಥೆಯಲ್ಲಿ. ಅಲ್ಲಿ ಸಿಗುವ ಗುರುತಿನ ಸಂಖ್ಯೆ ಒಂದಿದ್ದರೆ ಪಿಂಪ್ರಿಯಲ್ಲಿ ಶುರುವಾದ ಔಷಧಿಯನ್ನು ಯಾದಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮುಂದುವರಿಸಬಹುದು. ಚೀಟಿ ಬರೆದವರು ಯಾವ ಪದವಿಯವರೇ ಆಗಿರಲಿ, ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎಂದು ಅವರನ್ನು ಕೇಳಬೇಕು, ಔಷಧಿಯ ಹೆಸರನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು, ಊರಿಗೆ ಹೊರಡುವಾಗ ಆ ಕಾಗದವನ್ನೂ ಸಂಖ್ಯೆಯನ್ನೂ ಚೀಲದಲ್ಲಿ ಇಟ್ಟುಕೊಳ್ಳಬೇಕು.